ಹಸಿ ತೊಗಲಿನಲ್ಲಿ ಹೆಣೆದ ಅಲಂಕಾರದ ಗಂಟು ಒಣಗಿದ ಮೇಲೆ ಸಂದು ಬಿಡುವುದೇಕೆ?

ಒವೈಹೀ ದಾರಿಹೋಕ (ಬೋಯ್ಸಿ, ಐಡಾಹೊ)

ಎಲ್ಲರಿಗೂ ನಮಸ್ಕಾರ. ಚರ್ಮದ ಕೆಲಸದ ಸೂಕ್ಷ್ಮಗಳನ್ನು ಕನ್ನಡದಲ್ಲಿಯೇ ವಿವರವಾಗಿ ಬರೆಯುವವರು ಇಲ್ಲಿದ್ದಾರೆಂಬ ಧೈರ್ಯದಿಂದ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯವನು. ಹನ್ನೊಂದು ವರ್ಷಗಳಿಂದ ಬೋಯ್ಸಿಯಲ್ಲಿದ್ದೇನೆ. ನನ್ನ ಮಗಳು ಕುದುರೆ ಸವಾರಿ ಕಲಿಯಲು ಹೋಗುವ ರ‍್ಯಾಂಚ್ ನಗರದ ದಕ್ಷಿಣಕ್ಕೆ, ಒವೈಹೀ ಬೆಟ್ಟಗಳ ಕಡೆಗಿದೆ. ಅಲ್ಲಿನ ಹಿರಿಯ ದನಗಾಹಿಯೊಬ್ಬರು ಎಳೆಯ ಕುದುರೆಯನ್ನು ಪಳಗಿಸುವಾಗ ಅದರ ಬಾಯಿಗೆ ಲೋಹದ ಕಡಿವಾಣವನ್ನು ಹಾಕುವುದಿಲ್ಲ. ಬದಲಿಗೆ ಹಸಿ ತೊಗಲಿನ, ಅಂದರೆ ಹದ ಮಾಡದೆ ಒಣಗಿಸಿದ ತೊಗಲಿನ, ಸಣ್ಣ ಬಾರುಗಳಿಂದ ಹೆಣೆದ, ಮೂಗಿನ ಸುತ್ತ ಕೂರುವ ಬೊಸಾಲ್ ಎಂಬ ಬಳೆಯನ್ನು ತೊಡಿಸುತ್ತಾರೆ. ಮೂಗಿನ ಮೇಲೆ ಬರುವ ದಪ್ಪ ಹೆಣಿಗೆ, ಅದರ ಎರಡು ಕಡೆಗಿರುವ ಚಿಕ್ಕ ಗಂಟುಗಳು, ಗಲ್ಲದ ಕೆಳಗೆ ಎರಡೂ ತುದಿಗಳನ್ನು ಕೂಡಿಸುವ ದೊಡ್ಡ ಗಂಟು, ಇವೆಲ್ಲವೂ ಒಂದೇ ಬಗೆಯ ಬಾರಿನಿಂದ ಮೂಡಿದ್ದರೂ ಒಂದೊಂದರ ನೇಯ್ಗೆಯೂ ಬೇರೆ. ಅದನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡು ನೋಡಿದ ದಿನದಿಂದ ಇದನ್ನು ಕಲಿಯಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ.

ನೈಲಾನ್ ಹಗ್ಗದಲ್ಲಿ 3 ಸುತ್ತು, 5 ಬಾಗಿನ ಟರ್ಕ್ಸ್ ಹೆಡ್ ಎಂಬ, ಕೋಲಿನ ಸುತ್ತ ಬಳೆಯಂತೆ ಹೆಣೆದುಕೊಳ್ಳುವ ಗಂಟನ್ನು ಎರಡು ತಿಂಗಳು ಅಭ್ಯಾಸ ಮಾಡಿದೆ. ಈಗ ಕಣ್ಣು ಮುಚ್ಚಿಯೂ ಹಾಕಬಲ್ಲೆ. ಆ ಬಳಿಕ ಅಂತರ್ಜಾಲದಲ್ಲಿ ಅರ್ಧ ಹಸು ತೊಗಲನ್ನು ತರಿಸಿಕೊಂಡು, 4 ಮಿಲಿಮೀಟರ್ ಅಗಲದ ಬಾರನ್ನು ಕತ್ತರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ 20 ಮಿಲಿಮೀಟರ್ ದಪ್ಪದ ಮರದ ಕೋಲಿನ ಮೇಲೆ ಅದೇ ಗಂಟನ್ನು ಎರಡು ಎಳೆಯಾಗಿ, ಅಂದರೆ ಬಾರನ್ನು ಅದೇ ದಾರಿಯಲ್ಲಿ ಎರಡನೆಯ ಬಾರಿ ನಡೆಸಿ, ಹಾಕಿದೆ. ಹಾಕಿದ ಸಂಜೆ ಅದು ಬಹಳ ಬಿಗಿಯಾಗಿ, ಹೊಳೆಯುತ್ತಾ ಕೂತಿತ್ತು. ಎರಡು ದಿನ ಕಳೆದು ಒಣಗಿದ ಮೇಲೆ ನೋಡಿದರೆ ಎಳೆಗಳ ನಡುವಿನ ಸಂದಿನಲ್ಲಿ ಮರ ಕಾಣುತ್ತಿತ್ತು, ಬಾರಿನ ಅಂಚುಗಳು ಮೇಲಕ್ಕೆ ಸುರುಟಿಕೊಂಡು ಬೆರಳಿಗೆ ಚುಚ್ಚುತ್ತಿದ್ದವು, ಗಂಟು ಕೋಲಿನ ಮೇಲೆ ಸಲೀಸಾಗಿ ತಿರುಗುತ್ತಿತ್ತು. ಒಣಗಿದ ಬಾರನ್ನು ಅಳೆದರೆ 3.5 ಮಿಲಿಮೀಟರ್ ಮಾತ್ರ ಉಳಿದಿತ್ತು. ಎರಡನೆಯ ಬಾರಿ ಹತ್ತೇ ನಿಮಿಷ ನೆನೆಸಿದೆ. ಆಗ ಬಾಗಿಸಿದ ಕಡೆಯಲ್ಲೆಲ್ಲ ಬಾರು ಬಿಳಿಚಿಕೊಂಡು ಸೀಳಿತು.

ಬಾರು ಎಷ್ಟು ಒದ್ದೆಯಾಗಿರಬೇಕು? ಅದನ್ನು ತಯಾರಿಸುವುದರಲ್ಲಿ ನಾನು ಬಿಟ್ಟಿರುವ ಹಂತ ಯಾವುದು? ಬೊಸಾಲಿನ ಪಕ್ಕದ ಗಂಟಿನವರೆಗೆ ಹೋಗಬೇಕಾದರೆ ಮುಂದೆ ಯಾವ ಗಂಟನ್ನು ಕಲಿಯಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.


ಎಲ್ಕೊ ಗಣಿಗಾರ (ನೆವಾಡಾ)

ದಾರಿಹೋಕರೇ, ನೀವು ಬರೆದಿರುವುದನ್ನು ನೋಡಿದರೆ ಗಂಟು ಸರಿಯಾಗಿಯೇ ಬಿದ್ದಿದೆ, ಕೈಕೊಟ್ಟಿರುವುದು ಬಾರು. ನಾನು ಎಲ್ಕೊ ಸುತ್ತಲಿನ ಚಿನ್ನದ ಗಣಿಗಳಲ್ಲಿ ಭೂವಿಜ್ಞಾನಿಯಾಗಿ ದುಡಿಯುತ್ತಾ ಒಂಬತ್ತು ವರ್ಷಗಳಿಂದ ಬಿಡುವಿನಲ್ಲಿ ಈ ಕೆಲಸವನ್ನು ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನಾನು ಹಾಕಿದ ಗಂಟುಗಳೆಲ್ಲವೂ ನಿಮ್ಮದರಂತೆಯೇ ಒಣಗಿ ಸಂದು ಬಿಟ್ಟಿದ್ದವು. ನನಗೆ ಕಲಿಸಿದ ಹಿರಿಯರು ಆಗ ಹೇಳಿದ್ದು, ಹೆಣೆಯುವುದಕ್ಕಿಂತ ಬಾರು ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಬೇಕು ಎಂದು. ಈಗ ನನ್ನ ಸಮಯದ ಮುಕ್ಕಾಲು ಪಾಲು ಬಾರು ಮಾಡುವುದರಲ್ಲೇ ಹೋಗುತ್ತದೆ.

ಮೊದಲು ತೊಗಲಿನ ಸ್ವಭಾವವನ್ನು ತಿಳಿದುಕೊಳ್ಳೋಣ. ನಾವು 'ಹದ ಮಾಡಿದ ಚರ್ಮ' ಎನ್ನುವುದರಲ್ಲಿ ಮರದ ತೊಗಟೆಯ ರಸವೋ ಕ್ರೋಮಿಯಂ ಲವಣವೋ ತೊಗಲಿನ ನಾರುಗಳನ್ನು ಒಂದಕ್ಕೊಂದು ಬೆಸೆದು ಅವು ಮತ್ತೆ ಕೊಳೆಯದಂತೆ ಮಾಡಿರುತ್ತದೆ. ಹಸಿ ತೊಗಲಿಗೆ ಆ ಸಂಸ್ಕಾರವಿಲ್ಲ. ಕೂದಲನ್ನೂ ಒಳಬದಿಯ ಮಾಂಸವನ್ನೂ ಕೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ್ದಷ್ಟೇ. ಆದ್ದರಿಂದ ನೀರು ಸಿಕ್ಕಾಗ ನಾರುಗಳು ನೀರನ್ನು ಕುಡಿದು ಉಬ್ಬುತ್ತವೆ, ಒಂದರ ಮೇಲೊಂದು ಜಾರುತ್ತವೆ. ನೀರು ಹೋದಾಗ ಕುಗ್ಗಿ ಒಂದಕ್ಕೊಂದು ಅಂಟಿಕೊಂಡು ಕೊಂಬಿನಂತೆ ಗಟ್ಟಿಯಾಗುತ್ತವೆ. ರಾತ್ರಿಯಿಡೀ ನೆನೆದ ಬಾರು ಉಬ್ಬಿ ದಪ್ಪಗಿತ್ತು, ನೀವು ಎಳೆದಾಗ ಉದ್ದಕ್ಕೆ ಹಿಗ್ಗಿತು, ಒಣಗಿದಾಗ ದಪ್ಪ ಮತ್ತು ಅಗಲ ಎರಡನ್ನೂ ಕಳೆದುಕೊಂಡಿತು. 'ತೊಗಲು ಒಣಗಿದರೆ ಬಿಗಿಯಾಗುತ್ತದೆ' ಎಂಬ ಮಾತನ್ನು ನಂಬಿ ಹೊಸಬರು ಮೋಸಹೋಗುವುದು ಇಲ್ಲಿಯೇ. ಉದ್ದದಲ್ಲಿ ಬಿಗಿಯುವುದು ನಿಜ, ಆದರೆ ಅಗಲದಲ್ಲಿ ಸಣ್ಣಗಾದ ಬಾರು ಪಕ್ಕದ ಬಾರಿನಿಂದ ದೂರ ಸರಿಯುತ್ತದೆ.

ಹಾಗಾಗಿ ನೆನೆಸುವುದು ಬೇರೆ, ತೇವವನ್ನು ಹದಕ್ಕೆ ತರುವುದು ಬೇರೆ. ಬಾರನ್ನು ಉಗುರುಬೆಚ್ಚಗಿನದಕ್ಕಿಂತಲೂ ತಣ್ಣಗಿರುವ ನೀರಿನಲ್ಲಿ ಮೆತ್ತಗಾಗುವವರೆಗೆ ಮಾತ್ರ ಅದ್ದಿ ತೆಗೆಯಿರಿ, ಟವೆಲಿನಲ್ಲಿ ಒತ್ತಿ ಮೇಲಿನ ನೀರನ್ನು ತೆಗೆಯಿರಿ, ಬಳಿಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ ಬಿಡಿ. ಹೊರಗಿನ ತೇವ ಒಳಕ್ಕೆ ಸಮನಾಗಿ ಹರಡುವುದು ಆ ಚೀಲದೊಳಗೆ. ನೀವು ಹತ್ತು ನಿಮಿಷ ನೆನೆಸಿದಾಗ ಸೀಳಿದ್ದೂ ಇದರಿಂದಲೇ, ಹೊರಮೈ ಒದ್ದೆಯಾಗಿತ್ತು, ನಡುವೆ ಇನ್ನೂ ಒಣಗಿತ್ತು. ಹದ ಬಂದಿದೆಯೇ ಎಂದು ತಿಳಿಯಲು ಬಾರನ್ನು ಉಗುರಿನಿಂದ ಒತ್ತಬೇಕು. ನೀರು ಒಸರಿದರೆ ಹೆಚ್ಚಾಯಿತು, ಬಾಗಿಸಿದಾಗ ಬಿಳಿ ಗೆರೆ ಮೂಡಿದರೆ ಕಡಿಮೆಯಾಯಿತು. ಕೆನ್ನೆಗೆ ತಾಗಿಸಿದಾಗ ತಂಪು ಎನಿಸಬೇಕು, ಆದರೆ ಒದ್ದೆ ಎನಿಸಬಾರದು. ಅಕ್ಕಿ ರೊಟ್ಟಿಯ ಹಿಟ್ಟಿನ ಹದವನ್ನು ಹೇಗೆ ಯಾರೂ ಅಳತೆಯಲ್ಲಿ ಹೇಳಲಾರರೋ ಇದನ್ನೂ ಹಾಗೆಯೇ ಕೈ ಕಲಿಯಬೇಕಾಗುತ್ತದೆ. ಬಿಸಿನೀರನ್ನು ಮಾತ್ರ ಎಂದಿಗೂ ಬಳಸಬೇಡಿ. ಒದ್ದೆ ತೊಗಲಿನ ನಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸುರುಟಿಕೊಂಡು ಅಂಟಾಗಲು ಆರಂಭಿಸುತ್ತದೆ, ಅದನ್ನು ಹಿಂದಕ್ಕೆ ತರಲಾಗುವುದಿಲ್ಲ.

ಇನ್ನು ನೀವು ಬಿಟ್ಟಿರುವ ಹಂತಗಳು. ತೊಗಲಿನ ಬೆನ್ನಿನ ಭಾಗ ದಟ್ಟವಾಗಿಯೂ ಹೊಟ್ಟೆಯ ಭಾಗ ಸಡಿಲವಾಗಿಯೂ ಇರುತ್ತದೆ. ಹೊಟ್ಟೆಯ ಬಾರು ಎಳೆದಷ್ಟೂ ಬರುತ್ತದೆ, ಅದನ್ನು ಗಂಟಿಗೆ ಬಳಸಬೇಡಿ. ಬೆನ್ನಿನಿಂದ ದುಂಡನೆಯ ತಟ್ಟೆಯಂತಹ ತುಂಡನ್ನು ತೆಗೆದು, ಅಂಚಿನಿಂದ ಸುರುಳಿಯಾಗಿ ಒಳಕ್ಕೆ ಕತ್ತರಿಸುತ್ತಾ ಹೋದರೆ ಒಂದೇ ಉದ್ದನೆಯ ಬಾರು ಸಿಗುತ್ತದೆ. ಮೊದಲ ಸಲ ಬೇಕಾದುದಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿಯೇ ಕತ್ತರಿಸಿ. ಅದನ್ನು ತೇವ ಮಾಡಿ ಎರಡು ಕಂಬಗಳ ನಡುವೆ ಎಳೆದು ಕಟ್ಟಿ ಒಣಗಿಸಿದರೆ ಸುರುಳಿಯ ಬಾಗು ಹೋಗಿ ನೇರವಾಗುತ್ತದೆ, ಮುಂದೆ ಹಿಗ್ಗಬೇಕಾದದ್ದು ಆಗಲೇ ಹಿಗ್ಗಿರುತ್ತದೆ. ಅನಂತರ ಮತ್ತೆ ಹದಕ್ಕೆ ತಂದು ಅಳತೆಯ ಅಗಲಕ್ಕೆ ಕತ್ತರಿಸಬೇಕು, ಸೀಳುವ ಅಲಗಿನಡಿ ಹಾಯಿಸಿ ಇಡೀ ಬಾರನ್ನು ಒಂದೇ ದಪ್ಪಕ್ಕೆ ತರಬೇಕು, ಕೊನೆಯಲ್ಲಿ ಕನಿಷ್ಠ ಮಾಂಸದ ಬದಿಯ ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಬೇಕು. ಓರೆ ಮಾಡದ ಬಾರು ಪಕ್ಕದ ಬಾರಿನ ಮೇಲೆ ಮೆಟ್ಟಿಲಿನಂತೆ ನಿಲ್ಲುತ್ತದೆ, ನಿಮ್ಮ ಬೆರಳಿಗೆ ಚುಚ್ಚಿದ್ದು ಆ ಮೆಟ್ಟಿಲೇ. ಕುದುರೆಯ ಮೂಗಿನ ಮೇಲೆ ಅದು ಗಾಯ ಮಾಡುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಹೆಣೆಯುವಾಗ ಬಾರಿಗೆ ಜೀನು ತೊಳೆಯುವ ಹಳದಿ ಸೋಪನ್ನು ತೆಳುವಾಗಿ ಸವರಿಕೊಂಡರೆ ಅದು ಜಾರಿ ತನ್ನ ಜಾಗದಲ್ಲಿ ಕೂರುತ್ತದೆ. ಸಂದುಗಳನ್ನು ಬಿಡಿಸಲು ಮೊಂಡು ತುದಿಯ ದಬ್ಬಳ ಬೇಕು, ಚೂಪಾದದ್ದು ಬಾರನ್ನೇ ಇರಿದುಬಿಡುತ್ತದೆ. ಮುಗಿದ ಮೇಲೆ, ಇನ್ನೂ ತೇವವಿರುವಾಗಲೇ, ಎರಡು ನುಣುಪಾದ ಹಲಗೆಗಳ ನಡುವೆ ಗಂಟನ್ನು ಒತ್ತಿ ಉರುಳಿಸಿ. ಒಣಗುವುದು ನೆರಳಿನಲ್ಲಿ, ನಿಧಾನವಾಗಿ ಆಗಲಿ, ಹೀಟರಿನ ಮುಂದೆ ಖಂಡಿತ ಬೇಡ.

ಕಾಂಗರೂ ಚರ್ಮದ ಬಾರಿನಲ್ಲಿ ಆರಂಭಿಸಿ ಎಂದು ಕೆಲವರು ನಿಮಗೆ ಸಲಹೆ ಕೊಡಬಹುದು. ಅದು ತೆಳ್ಳಗಿದ್ದೂ ಬಲವಾದದ್ದು, ಚಾಟಿ ಹೆಣೆಯುವವರ ಅಚ್ಚುಮೆಚ್ಚಿನದು, ಗಂಟಿನ ದಾರಿಯನ್ನು ಕಲಿಯಲು ಬಹಳ ಒಳ್ಳೆಯದು. ಆದರೆ ಅದು ಹದ ಮಾಡಿದ ಚರ್ಮ. ಅದರಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಹಸಿ ತೊಗಲಿನ ತೇವ ಕೈಗೆ ತಿಳಿಯುವುದಿಲ್ಲ. ನಾಯಿಗಳು ಕಡಿಯಲೆಂದು ಅಂಗಡಿಯಲ್ಲಿ ಮಾರುವ ತೊಗಲಿನ ಗಂಟನ್ನು ನೆನೆಸಿ ಬಿಡಿಸಿ ಬಳಸುವವರೂ ಇದ್ದಾರೆ. ಅದರ ದಪ್ಪ ಒಂದೇ ಸಮನಾಗಿರುವುದಿಲ್ಲ, ಗಟ್ಟಿತನವೂ ಸಾಲದು. ಅಗ್ಗವೆಂದು ನಾನೂ ಒಂದು ಚಳಿಗಾಲವನ್ನು ಅದರ ಮೇಲೆ ಕಳೆದೆ, ನೀವು ಕಳೆಯಬೇಕಾಗಿಲ್ಲ.


ಗಣಿತದ ಮೇಷ್ಟ್ರು (ಧಾರವಾಡ)

ಗಣಿಗಾರರು ಬಾರಿನ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ದಾರಿಹೋಕರು ಕೊಟ್ಟಿರುವ ಅಳತೆಗಳನ್ನು ನೋಡಿದರೆ ಬಾರು ಎಷ್ಟೇ ಚೆನ್ನಾಗಿದ್ದರೂ ಆ ಗಂಟು ಆ ಕೋಲನ್ನು ಪೂರ್ತಿಯಾಗಿ ಮುಚ್ಚುವಂತಿರಲಿಲ್ಲ ಎಂದು ಹೇಳಬೇಕಾಗಿದೆ. ನಾನು ತೊಗಲಿನ ಕೆಲಸಗಾರನಲ್ಲ. ಹಗ್ಗದ ಗಂಟುಗಳ ಲೆಕ್ಕಾಚಾರ ಮೂವತ್ತು ವರ್ಷಗಳಿಂದ ನನ್ನ ಪ್ರೀತಿಯ ವಿಷಯವಾದ್ದರಿಂದ ಈ ಒಂದು ಭಾಗವನ್ನು ಮಾತ್ರ ವಿವರಿಸುತ್ತೇನೆ.

ಟರ್ಕ್ಸ್ ಹೆಡ್ ಗಂಟಿನಲ್ಲಿ ಬಾರು ಕೋಲನ್ನು ಎಷ್ಟು ಬಾರಿ ಬಳಸುತ್ತದೆಯೋ ಅದು ಸುತ್ತು, ಅಂಚಿಗೆ ಬಂದು ಎಷ್ಟು ಕಡೆಗಳಲ್ಲಿ ಹಿಂತಿರುಗುತ್ತದೆಯೋ ಅದು ಬಾಗು. ಈ ಎರಡು ಸಂಖ್ಯೆಗಳಿಗೆ 1ನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇರಬಾರದು. 3 ಮತ್ತು 5, 5 ಮತ್ತು 4, 7 ಮತ್ತು 6 ಸರಿಹೋಗುತ್ತವೆ. 4 ಮತ್ತು 6ನ್ನು ಹಾಕಲು ಹೊರಟರೆ ಬಾರು ಅರ್ಧ ದಾರಿಯಲ್ಲಿಯೇ ಹೊರಟ ಜಾಗಕ್ಕೆ ಮರಳಿಬಿಡುತ್ತದೆ, ಉಳಿದರ್ಧಕ್ಕೆ ಇನ್ನೊಂದು ಬಾರು ಬೇಕಾಗುತ್ತದೆ. ಗಂಟು ಎಲ್ಲಿ ತಪ್ಪಿತು ಎಂದು ಗಂಟೆಗಟ್ಟಲೆ ಹುಡುಕುವವರು ಮೊದಲು ಈ ಎರಡು ಸಂಖ್ಯೆಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ಈಗ ಮುಚ್ಚುವ ಲೆಕ್ಕ. ಬಾರು ಕೋಲಿನ ಮೇಲೆ 45 ಡಿಗ್ರಿ ಓರೆಯಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಬಾರು ಸುತ್ತಳತೆಯಲ್ಲಿ ತನ್ನ ಅಗಲದ 1.41 ಪಟ್ಟು ಜಾಗವನ್ನು ಮುಚ್ಚುತ್ತದೆ. ಒಂದೇ ದಿಕ್ಕಿಗೆ ಓರೆಯಾಗಿರುವ ಬಾರುಗಳ ಸಂಖ್ಯೆ ಬಾಗುಗಳ ಸಂಖ್ಯೆಗೆ ಸಮ, ಗಂಟನ್ನು ಎರಡೆಳೆ ಮಾಡಿದರೆ ಅದರ ಇಮ್ಮಡಿ. ನಿಮ್ಮ ಕೋಲಿನ ದಪ್ಪ 20 ಮಿಲಿಮೀಟರ್, ಸುತ್ತಳತೆ ಸುಮಾರು 63 ಮಿಲಿಮೀಟರ್. 5 ಬಾಗುಗಳನ್ನು ಎರಡೆಳೆ ಮಾಡಿದರೆ 10 ಬಾರುಗಳಾಗುತ್ತವೆ. 4 ಮಿಲಿಮೀಟರಿನ ಬಾರು ಒಂದೊಂದೂ 5.6 ಮಿಲಿಮೀಟರಿನಷ್ಟು ಮುಚ್ಚಿದರೆ ಒಟ್ಟು 56, ಅಂದರೆ ಹಾಕಿದ ಕ್ಷಣದಲ್ಲಿಯೇ 7 ಮಿಲಿಮೀಟರ್ ಕೊರತೆ. ಒಣಗಿ 3.5 ಮಿಲಿಮೀಟರಿಗೆ ಇಳಿದಾಗ ಮುಚ್ಚಿದ್ದು 49 ಮಾತ್ರ, ಕೊರತೆ 14 ಮಿಲಿಮೀಟರ್. ನೀವು ಕಂಡ ಸಂದುಗಳು ಇವೇ. ಗಂಟನ್ನು ಕಿರಿದಾಗಿ ಒತ್ತಿದರೆ ಬಾರು ಹೆಚ್ಚು ಅಡ್ಡಕ್ಕೆ ಮಲಗಿ ಒಂದಿಷ್ಟು ಕೊರತೆಯನ್ನು ತುಂಬಿಕೊಡುತ್ತದೆ, ಒದ್ದೆಯಿದ್ದಾಗ ನಿಮಗೆ ಬಿಗಿಯಾಗಿ ಕಂಡದ್ದು ಬಹುಶಃ ಅದರಿಂದಲೇ ಇರಬೇಕು.

ಇದೇ ಲೆಕ್ಕವನ್ನು ತಿರುಗಿಸಿದರೆ ನಿಮಗೆ ಬೇಕಾದ ಗಂಟು ಸಿಗುತ್ತದೆ. ಬೊಸಾಲ್‌ಗಳಲ್ಲಿ ಸಾಮಾನ್ಯವಾಗಿರುವ ಒಂದು ಅಳತೆ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್. ಅದರ ಸುತ್ತಳತೆ 50. ಒಣಗಿದ ಮೇಲೆ 3 ಮಿಲಿಮೀಟರ್ ಉಳಿಯುವ ಬಾರು 4.2ರಷ್ಟು ಮುಚ್ಚುತ್ತದೆ, ಆಗ 12 ಬಾರುಗಳು ಬೇಕು. 6 ಬಾಗಿನ ಗಂಟನ್ನು ಎರಡೆಳೆ ಮಾಡಿದರೆ ಸರಿಯಾಗಿ 12. ಆದ್ದರಿಂದ 7 ಸುತ್ತು, 6 ಬಾಗಿನ ಗಂಟನ್ನು ಕಲಿಯಿರಿ ಎಂದು ನನ್ನ ಸಲಹೆ.

ಅದನ್ನು ಹೊಸದಾಗಿ ಕಲಿಯಬೇಕಾಗಿಲ್ಲ, 5 ಸುತ್ತು, 4 ಬಾಗಿನ ಗಂಟನ್ನು ಬೆಳೆಸಿದರೆ ಸಾಕು. ಆ ಗಂಟು ಮುಗಿದ ಕಡೆಯಲ್ಲಿ ಬಾರಿನ ತುದಿಯನ್ನು ಮೊದಲ ದಾರಿಯ ಪಕ್ಕದಲ್ಲಿಯೇ, ಅದು ಎಲ್ಲಿ ಮೇಲೆ ಹೋಗಿದೆಯೋ ಅಲ್ಲಿ ಮೇಲೆ, ಎಲ್ಲಿ ಕೆಳಗೆ ಹೋಗಿದೆಯೋ ಅಲ್ಲಿ ಕೆಳಗೆ ನಡೆಸಿಕೊಂಡು ಹೋಗಬೇಕು. ಹೀಗೆ ಜೋಡಿಯಾದ ಬಾರುಗಳ ನಡುವೆ ಮುಂದಿನ ಸುತ್ತಿನಲ್ಲಿ ತುದಿಯನ್ನು ತೂರಿಸಿ, ಒಂದರ ಮೇಲೆ ಒಂದರ ಕೆಳಗೆ ಬರುವಂತೆ ಬೇರ್ಪಡಿಸಿದರೆ ಸುತ್ತೂ ಬಾಗೂ ಎರಡೆರಡು ಹೆಚ್ಚಿ 7 ಮತ್ತು 6 ಆಗುತ್ತವೆ, ಇನ್ನೊಮ್ಮೆ ಮಾಡಿದರೆ 9 ಮತ್ತು 8. ಬಾರುಗಳು ಒಂದನ್ನೊಂದು ದಾಟುವ ಜಾಗಗಳನ್ನು ಎಣಿಸಿದರೆ ಈ ಮೂರು ಗಂಟುಗಳಲ್ಲಿ ಕ್ರಮವಾಗಿ 16, 36, 64 ಬರುತ್ತವೆ. ಎಲ್ಲವೂ ವರ್ಗಸಂಖ್ಯೆಗಳಾಗಿರುವುದು ನನಗೆ ಮೊದಲ ಬಾರಿ ಕಂಡಾಗ ಬಹಳ ಸಂತೋಷವಾಗಿತ್ತು.

ಬಾರಿನ ಉದ್ದಕ್ಕೆ ಸುತ್ತಳತೆಯನ್ನು ಸುತ್ತಿನ ಸಂಖ್ಯೆಯಿಂದಲೂ 1.41ರಿಂದಲೂ ಗುಣಿಸಿ. 50, 7, 1.41 ಗುಣಿಸಿದರೆ ಸುಮಾರು ಅರ್ಧ ಮೀಟರ್, ಎರಡೆಳೆಗೆ ಒಂದು ಮೀಟರ್, ಕೈಹಿಡಿತಕ್ಕೆ ಕಾಲು ಮೀಟರ್ ಸೇರಿಸಿಕೊಳ್ಳಿ.


ಎಲ್ಕೊ ಗಣಿಗಾರ (ನೆವಾಡಾ)

ಮೇಷ್ಟ್ರೇ, ಈ ಲೆಕ್ಕವನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಇಷ್ಟು ವರ್ಷ ಹಳೆಯ ಗಂಟುಗಳನ್ನು ನೋಡಿ ಅಂದಾಜಿನಲ್ಲಿ ಬಾರು ಕತ್ತರಿಸುತ್ತಿದ್ದೆ. ನನ್ನ ಬಳಿಯಿರುವ ಒಂದು ಬೊಸಾಲಿನ ಪಕ್ಕದ ಗಂಟನ್ನು ಅಳೆದು ನೋಡಿದೆ, ನಿಮ್ಮ ಸಂಖ್ಯೆಗೆ ಬಹಳ ಹತ್ತಿರದಲ್ಲಿದೆ.

ಒಂದು ಮಾತನ್ನು ಸೇರಿಸಬೇಕು. 7 ಸುತ್ತಿನ ಗಂಟಿನಲ್ಲಿ ಎರಡನೆಯ ಎಳೆಯನ್ನು ಮೊದಲನೆಯದರ ಪಕ್ಕದಲ್ಲಿ ಸುಮ್ಮನೆ ನಡೆಸುವ ಬದಲು ದಾಟುವ ಜಾಗಗಳನ್ನು ಬೇರ್ಪಡಿಸುತ್ತಾ ಹೋದರೆ ಎರಡರ ಮೇಲೆ, ಎರಡರ ಕೆಳಗೆ ಎಂಬ ನೇಯ್ಗೆ ಬಂದು ಮೀನಿನ ಮುಳ್ಳಿನಂತಹ ಸಾಲುಗಳು ಮೂಡುತ್ತವೆ. ಇಲ್ಲಿನವರು ಇದನ್ನು ಹೆರಿಂಗ್‌ಬೋನ್ ಎನ್ನುತ್ತಾರೆ, ದಕ್ಷಿಣ ಅಮೆರಿಕದ ದನಗಾಹಿಗಳ ಹೆಸರು ಹೊತ್ತ ಗೌಚೊ ಗಂಟುಗಳದ್ದೂ ಇದೇ ನೇಯ್ಗೆಯ ಬಳಗ. ಎರಡನೆಯ ಎಳೆಗೆ ಬೇರೆ ಬಣ್ಣದ ಬಾರನ್ನು ಬಳಸಿದರೆ ವಿನ್ಯಾಸ ಎದ್ದು ಕಾಣುತ್ತದೆ. ಆದರೆ ದಾರಿಹೋಕರು ಸದ್ಯಕ್ಕೆ ಒಂದೇ ಬಣ್ಣದಲ್ಲಿ ಮಾಡಲಿ, ಬಣ್ಣ ಬಂದರೆ ತಪ್ಪನ್ನು ಮುಚ್ಚಿಕೊಳ್ಳುವ ಆಸೆಯೂ ಬರುತ್ತದೆ.

ಇವನ್ನು ಅಲಂಕಾರದ ಗಂಟುಗಳೆಂದು ಕರೆದರೂ ಒಂದೂ ಬರೀ ಚೆಂದಕ್ಕಾಗಿ ಇರುವುದಿಲ್ಲ. ಬೊಸಾಲಿನ ಪಕ್ಕದ ಗಂಟುಗಳು ಮೂಗಿನ ಹೆಣಿಗೆಯ ತುದಿಗಳನ್ನು ಹಿಡಿದಿಡುತ್ತವೆ, ತಲೆಯ ಮೇಲಿನಿಂದ ಬರುವ ಪಟ್ಟಿ ಜಾರದಂತೆ ತಡೆಯುತ್ತವೆ. ಗಲ್ಲದ ಕೆಳಗಿನ ಗಂಟಿಗೆ ಬೇಕೆಂದೇ ಭಾರ ಕೊಟ್ಟಿರುತ್ತಾರೆ. ಸವಾರ ಲಗಾಮನ್ನು ಸಡಿಲಿಸಿದ ತಕ್ಷಣ ಆ ಭಾರಕ್ಕೆ ಬೊಸಾಲ್ ಕೆಳಗಿಳಿದು ಕುದುರೆಗೆ ಬಿಡುವು ಸಿಗುತ್ತದೆ. ರೋಮಲ್ ಎಂಬ, ತುದಿಯಲ್ಲಿ ಚಾಟಿಯಂತಹ ಬಾಲವಿರುವ ಲಗಾಮಿನ ಮೇಲೆ ಸಾಲಾಗಿ ಹಾಕುವ ಗಂಟುಗಳೂ ಅಷ್ಟೇ, ಆ ತೂಕದಿಂದ ಸವಾರನ ಕೈಯ ಸಣ್ಣ ಚಲನೆಯೂ ಕುದುರೆಗೆ ತಲುಪುತ್ತದೆ. ಬೊಸಾಲ್ ಕೊಳ್ಳುವುದಾದರೆ ಒಳಗಿನ ತಿರುಳು ಉಕ್ಕಿನ ತಂತಿಯದ್ದೋ ತೊಗಲಿನದ್ದೋ ಎಂದು ಕೇಳಿ ನೋಡಿ. ತೊಗಲಿನ ತಿರುಳು ಕುದುರೆಯ ಮೂಗಿನ ಆಕಾರಕ್ಕೆ ಒಗ್ಗುತ್ತದೆ, ತಂತಿ ಒಗ್ಗುವುದಿಲ್ಲ.

ಬೊಸಾಲ್, ರೋಮಲ್ ಮೊದಲಾದ ಈ ಪದಗಳು ಸ್ಪ್ಯಾನಿಶ್ ಮೂಲದವು. ಸ್ಪೇನಿನವರು 1769ರಿಂದ ಕ್ಯಾಲಿಫೋರ್ನಿಯಾದಲ್ಲಿ ಕ್ರೈಸ್ತ ಮಿಷನ್‌ಗಳನ್ನು ಕಟ್ಟಿದಾಗ ದನಗಳೂ ದನಗಾಹಿ ವಕೇರೊಗಳೂ ಬಂದರು. ವಕೇರೊ ಎಂಬುದೇ ಇಲ್ಲಿ ಬಕರೂ ಆಯಿತು, ದನ ಹಿಡಿಯುವ ಹಗ್ಗವಾದ ಲಾ ರಿಯಾಟಾ ಲಾರಿಯಟ್ ಆಯಿತು, ಕಡಿವಾಣವಿಲ್ಲದ ತಲೆಪಟ್ಟಿಯಾದ ಹಾಕಿಮಾ ಹ್ಯಾಕಮೋರ್ ಆಯಿತು. ಹಡಗಿನ ವ್ಯಾಪಾರಿಗಳೊಂದಿಗೆ ದನದ ತೊಗಲನ್ನೇ ಹಣದಂತೆ ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲಿ ಅದಕ್ಕೆ 'ಕ್ಯಾಲಿಫೋರ್ನಿಯಾದ ನೋಟು' ಎಂಬ ಹೆಸರಿತ್ತು. ತೊಗಲು ಅಷ್ಟು ಹೇರಳವಾಗಿದ್ದಲ್ಲಿ ಹಗ್ಗವೂ ಅದರದೇ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ತೊಗಲಿನ ರಿಯಾಟಾ ಹಠಾತ್ ಜಗ್ಗಿಗೆ ಕಡಿದುಹೋಗಬಹುದು, ಆದ್ದರಿಂದ ವಕೇರೊಗಳು ಅದನ್ನು ಜೀನಿನ ಕೊಂಬಿಗೆ ಗಟ್ಟಿಯಾಗಿ ಕಟ್ಟದೆ ಸುತ್ತು ಹಾಕಿ, ಸ್ವಲ್ಪ ಸ್ವಲ್ಪವೇ ಜಾರಲು ಬಿಡುತ್ತಾರೆ. ಲೂಯಿಸ್ ಒರ್ಟೆಗಾ ಎಂಬ ಕ್ಯಾಲಿಫೋರ್ನಿಯಾದ ಹೆಣಿಗೆಗಾರರಿಗೆ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವ ಸಂದಿತು. ಅವರ ಕೆಲಸದ ಚಿತ್ರಗಳು ಸಿಕ್ಕರೆ ಬಾರು ಎಷ್ಟು ಸಣ್ಣದೆಂಬುದನ್ನು ಗಮನಿಸಿ ನೋಡಿ, ದಿನವಿಡೀ ನೋಡಿದರೂ ಸಾಲದು.


ಮೃದಂಗದ ಮನೆ (ಮೈಸೂರು)

ಕೌಬಾಯ್‌ಗಳ ಸಾಮಗ್ರಿಯ ಬಗ್ಗೆ ನನಗೆ ಏನೂ ತಿಳಿಯದು. ನಾನು ಮೃದಂಗ ನುಡಿಸುವವಳು. ಆದರೆ ಗಣಿಗಾರರು ಬಾರನ್ನು ಎಳೆದು ಒಣಗಿಸುವ ಬಗ್ಗೆ ಬರೆದದ್ದನ್ನು ಓದಿದಾಗ, ನನ್ನ ಮೃದಂಗಕ್ಕೆ ಮುಚ್ಚಿಗೆ ಹಾಕಿಕೊಡುವ ಕುಶಲಿಗಳ ಅಂಗಳವೇ ಕಣ್ಣಿಗೆ ಬಂದಿತು. ಮೃದಂಗದ ಎರಡೂ ಮುಖಗಳನ್ನು ಬಿಗಿಯುವುದು ಎಮ್ಮೆ ತೊಗಲಿನ ಬಾರಿನಿಂದ. ಆ ಬಾರನ್ನೂ ಅವರು ನೆನೆಸಿ, ಬಲವಾಗಿ ಎಳೆದು, ಅದರ ಹಿಗ್ಗನ್ನು ಮೊದಲೇ ತೆಗೆದುಬಿಡುತ್ತಾರೆ. ಹಾಗೆ ಮಾಡದ ಬಾರಿನ ಮೃದಂಗ ಶ್ರುತಿಯಲ್ಲಿ ನಿಲ್ಲುವುದಿಲ್ಲ.

ಅವರು ಒಮ್ಮೆ ಹೇಳಿದ ಒಂದು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಬಾರನ್ನು ಒಂದೇ ಕಡೆ ಹಿಡಿದು ಪೂರ್ತಿ ಬಿಗಿದು ಮುಂದಕ್ಕೆ ಹೋಗಬಾರದಂತೆ. ಮೊದಲ ಸುತ್ತಿನಲ್ಲಿ ಬರೀ ಸಡಿಲು ತೆಗೆಯುವುದು, ಎರಡನೆಯ ಸುತ್ತಿನಲ್ಲಿ ಅರ್ಧ ಬಿಗಿಯುವುದು, ಮೂರನೆಯದರಲ್ಲಿ ಮಾತ್ರ ಬಲ ಹಾಕುವುದು. ಒಂದೇ ಸಲ ಬಿಗಿದರೆ ಬಲವೆಲ್ಲ ಒಂದು ಪಕ್ಕಕ್ಕೆ ಸೇರಿ ಮುಖ ಓರೆಯಾಗುತ್ತದೆ. ನಿಮ್ಮ ಗಂಟಿನಲ್ಲಿಯೂ ಬಾರಿನ ದಾರಿ ಒಂದೇ ಆಗಿರುವುದರಿಂದ ಹೀಗೆಯೇ ಇರಬೇಕೆಂದು ನನ್ನ ಊಹೆ.

ಹಳ್ಳಿಗಳಲ್ಲಿ ನೊಗ ಕಟ್ಟುತ್ತಿದ್ದ ತೊಗಲಿನ ಮಿಣಿಯನ್ನು ನನ್ನ ಅಜ್ಜನ ಮನೆಯಲ್ಲಿ ನೋಡಿದ ನೆನಪಿದೆ. ಅದನ್ನು ಹೊಸೆದುಕೊಡುತ್ತಿದ್ದವರ ಹೆಸರನ್ನು ಮನೆಯಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಒರ್ಟೆಗಾ ಅವರಿಗೆ ಸಂದ ಗೌರವದ ಬಗ್ಗೆ ಓದಿದಾಗ ಆ ವಿಷಯ ಮನಸ್ಸಿಗೆ ನೋವು ಕೊಟ್ಟಿತು.


ಒವೈಹೀ ದಾರಿಹೋಕ (ಬೋಯ್ಸಿ, ಐಡಾಹೊ)

ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆಯಿರಲಿ, ಹೇಳಿದ್ದನ್ನೆಲ್ಲ ಮಾಡಿ ನೋಡದೆ ಬರೆಯುವುದು ಸರಿಯಲ್ಲ ಎನಿಸಿತು.

ನಾನು ಕೊಂಡಿದ್ದ ತೊಗಲಿನ ಹೆಚ್ಚಿನ ಭಾಗ ಹೊಟ್ಟೆಯ ಕಡೆಯದ್ದೇ ಆಗಿತ್ತು. ಬಿಸಿಲಿಗೆ ಹಿಡಿದು ನೋಡಿದಾಗ ಬೆನ್ನಿನ ದಟ್ಟತನವೂ ಹೊಟ್ಟೆಯ ಸಡಿಲವೂ ಕಣ್ಣಿಗೇ ಕಂಡಿತು. ಬೆನ್ನಿನಿಂದ ಊಟದ ತಟ್ಟೆಯಷ್ಟು ದೊಡ್ಡ ಎರಡು ತುಂಡುಗಳು ಮಾತ್ರ ಸಿಕ್ಕಿದವು. 8 ಮಿಲಿಮೀಟರ್ ಅಗಲಕ್ಕೆ ಸುರುಳಿ ಕತ್ತರಿಸಿ, ಗ್ಯಾರೇಜಿನಲ್ಲಿ ಎರಡು ಕೊಕ್ಕೆಗಳ ನಡುವೆ ಎಳೆದು ಕಟ್ಟಿ ಒಣಗಿಸಿದೆ. ಆಮೇಲೆ 3 ಮಿಲಿಮೀಟರಿಗೆ ಕತ್ತರಿಸುವಾಗ ಮೂರು ಬಾರುಗಳು ನಡುವೆಯೇ ಕಡಿದುಹೋದವು. ಅಲಗನ್ನು ಹೊಸದಾಗಿ ಮಸೆದ ಮೇಲೆ ಕಡಿಯುವುದು ನಿಂತಿತು. ಅಂಚನ್ನು ಓರೆ ಮಾಡುವುದು ನನಗೆ ಇನ್ನೂ ಒಂದೇ ಸಮನಾಗಿ ಬರುತ್ತಿಲ್ಲ, ಆದರೆ ಬಾರು ಬೆರಳಿಗೆ ಚುಚ್ಚುವುದಿಲ್ಲ.

ಹದದ ಬಗ್ಗೆ ಗಣಿಗಾರರು ಹೇಳಿದ ಕೆನ್ನೆಯ ಪರೀಕ್ಷೆ ನನಗೆ ಬಹಳ ಸಹಾಯ ಮಾಡಿತು. ಬೋಯ್ಸಿಯ ಒಣ ಹವೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಾರು ಹದ ತಪ್ಪುತ್ತದೆ. ಆದ್ದರಿಂದ ಪಕ್ಕದಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡು, ಹೆಣೆಯದ ತುದಿಯನ್ನು ಅದರಲ್ಲಿ ಸವರುತ್ತಾ ಕೆಲಸ ಮಾಡಿದೆ. ಮೇಷ್ಟ್ರ ಲೆಕ್ಕದಂತೆ 16 ಮಿಲಿಮೀಟರಿನ ಕೋಲಿನ ಮೇಲೆ 5 ಸುತ್ತು, 4 ಬಾಗಿನ ಗಂಟು ಹಾಕಿ, ಅದನ್ನು 7 ಮತ್ತು 6ಕ್ಕೆ ಬೆಳೆಸಿ, ಎರಡೆಳೆ ಮಾಡಿದೆ. ನಾಲ್ಕು ಸಲ ಬಿಚ್ಚಬೇಕಾಯಿತು. ಐದನೆಯದನ್ನು ಮೃದಂಗದ ಮನೆಯವರು ಹೇಳಿದಂತೆ ಮೂರು ಸುತ್ತಿನಲ್ಲಿ ಬಿಗಿದು, ಹಲಗೆಗಳ ನಡುವೆ ಉರುಳಿಸಿ, ನೆರಳಿನಲ್ಲಿ ಐದು ದಿನ ಇಟ್ಟೆ. ನಿನ್ನೆ ಕೈಗೆತ್ತಿಕೊಂಡಾಗ ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಸಂದಿತ್ತು, ಗಂಟು ಕೋಲಿನಿಂದ ಕದಲಲಿಲ್ಲ. ಮೇಡಂ, ಮೇಷ್ಟ್ರೇ, ಗಣಿಗಾರರೇ, ನಿಮ್ಮೆಲ್ಲರ ಋಣ ದೊಡ್ಡದು.

ಉಳಿದಿರುವುದು ಒಂದೇ ಪ್ರಶ್ನೆ. ಬಾರಿನ ಎರಡು ತುದಿಗಳನ್ನು ಗಂಟಿನೊಳಗೆ ಅಡಗಿಸಿ ಕತ್ತರಿಸಿದ್ದೆ, ಒಣಗಿದ ಮೇಲೆ ಅವುಗಳಲ್ಲಿ ಒಂದು ಹೊರಗೆ ಇಣುಕುತ್ತಿದೆ. ಇದನ್ನು ತಡೆಯುವುದು ಹೇಗೆ?


ಎಲ್ಕೊ ಗಣಿಗಾರ (ನೆವಾಡಾ)

ಐದನೆಯ ಪ್ರಯತ್ನಕ್ಕೇ ಈ ಮಟ್ಟಕ್ಕೆ ಬಂದಿರುವುದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ.

ತುದಿಗಳನ್ನು ಬಾರು ಹೊರಟ ಜಾಗದಲ್ಲಿಯೇ ನಿಲ್ಲಿಸಬೇಡಿ. ಎರಡು ತುದಿಗಳೂ ಕನಿಷ್ಠ ಮೂರು ದಾಟುಗಳನ್ನು ಜೊತೆಯಾಗಿ ಹಾದುಹೋಗಲಿ, ಅವುಗಳಲ್ಲಿ ಒಂದು ಇನ್ನೊಂದರ ಅಡಿಯಲ್ಲಿ, ಮೇಲಿನಿಂದ ಕಾಣದಂತೆ ಮಲಗಿರಲಿ. ಜೊತೆಯಾಗಿ ಹೋಗುವ ಆ ಭಾಗದಲ್ಲಿ ಎರಡೂ ಬಾರುಗಳನ್ನು ಮೊದಲೇ ಅರ್ಧ ದಪ್ಪಕ್ಕೆ ಕೆತ್ತಿಕೊಂಡರೆ ಗಂಟು ಉಬ್ಬುವುದಿಲ್ಲ. ಕತ್ತರಿಸುವ ಮುನ್ನ ತುದಿಯನ್ನು ದಬ್ಬಳದ ಸಹಾಯದಿಂದ ಬಲವಾಗಿ ಎಳೆದು ಹಿಡಿದು, ಮೇಲಿನಿಂದ ಹಾಯುವ ಬಾರಿನ ಬುಡಕ್ಕೆ ಸರಿಯಾಗಿ ಕತ್ತರಿಸಿ. ಎಳೆತ ಬಿಟ್ಟ ಕ್ಷಣ ಅದು ತಾನಾಗಿಯೇ ಒಳಕ್ಕೆ ಸರಿಯುತ್ತದೆ. ಹಲಗೆಯಲ್ಲಿ ಉರುಳಿಸುವುದು ಕತ್ತರಿಸಿದ ನಂತರ ಆಗಬೇಕು. ನೀವು ಬಹುಶಃ ಅದಕ್ಕೂ ಮೊದಲೇ ಉರುಳಿಸಿದ್ದೀರಿ.

ಈಗ ಇಣುಕುತ್ತಿರುವ ತುದಿಗೆ ಸ್ಪಂಜಿನಿಂದ ಆ ಜಾಗಕ್ಕಷ್ಟೇ ತೇವ ಕೊಟ್ಟು, ಅರ್ಧ ಗಂಟೆ ಪ್ಲಾಸ್ಟಿಕ್ ಸುತ್ತಿಟ್ಟು, ದಬ್ಬಳದಿಂದ ಒಳಕ್ಕೆ ತಳ್ಳಿ ಮತ್ತೊಮ್ಮೆ ಉರುಳಿಸಿ. ಪೂರ್ತಿ ಒಣಗಿದ ಮೇಲೆ ದನದ ಕೊಬ್ಬನ್ನು ಬೆರಳಿನಿಂದ ತೆಳುವಾಗಿ ಸವರಿ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆಯನ್ನು ಹೆಚ್ಚು ಕುಡಿಸಿದರೆ ತೊಗಲು ಮೆತ್ತಗಾಗಿ, ನೀವು ಇಷ್ಟು ಕಷ್ಟಪಟ್ಟು ತಂದ ಬಿಗುವು ಸಡಿಲವಾಗುತ್ತದೆ. ಮುಂದಿನ ಗಂಟನ್ನು ಕೋಲಿನ ಮೇಲೆ ಹಾಕಬೇಡಿ, ನಾಲ್ಕೆಳೆಯಲ್ಲಿ ಹೆಣೆದ ತೊಗಲಿನ ಹಗ್ಗದ ಮೇಲೆ ಹಾಕಿ. ಮರ ಜಾರುತ್ತದೆ, ಹೆಣಿಗೆ ಹಿಡಿದುಕೊಳ್ಳುತ್ತದೆ, ಆ ವ್ಯತ್ಯಾಸಕ್ಕೆ ತಕ್ಕಂತೆ ಎಳೆತವನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ. ಅದು ಒಣಗಿದ ಮೇಲೆ ಅಳತೆಗಳೊಂದಿಗೆ ಇಲ್ಲಿಯೇ ಬರೆಯಿರಿ.